ಕತ್ತಲಲ್ಲಿ ನಿಲ್ಲದ ಗೆಜ್ಜೆ

“ಈ ಗಂಟು ಬಿಚ್ಚೂದು ನನ್ನ ಕೈಲೆ ಆಗೂದಿಲ್ಲ ಬಿಡ್ರಿ,” ಎಂದು ಪೋಲೀಸ್ ದೌಲಪ್ಪ ರೊಟ್ಟಿಯ ಗಂಟನ್ನು ಮೇಜಿನ ಮೇಲೆ ಕುಕ್ಕಿದ. “ತುದೀನ ಕಾಣವಲ್ದು. ರೊಟ್ಟಿ ಕಟ್ಯಾನೋ, ತಿಜೋರಿಗೆ ಕೀಲಿ ಹಾಕ್ಯಾನೋ?”

ಹವಾಲಾತಿನ ಕಂಬಿಯೊಳಗೆ ಏನೇ ಹೋಗುವುದಿದ್ದರೂ ಬಿಚ್ಚಿ ನೋಡಿಯೇ ಕಳಿಸಬೇಕೆಂಬುದು ಕಮಲಾಪುರ ಠಾಣೆಯ ಕಾಯಿದೆ. ಆದರೆ ದೌಲಪ್ಪನ ಉಗುರೂ ಸೋತಿತ್ತು, ಹಲ್ಲೂ ಸೋತಿತ್ತು.

ಹೊಸ್ತಿಲಾಚೆ ಕುಳಿತಿದ್ದ ಗುಲಾಮ್ ರಸೂಲ್ ಎದ್ದು ಬಂದ. ಬಯಲಾಟದ ಮೇಳಕ್ಕೆ ವೇಷ ಕಟ್ಟುತ್ತ ಕಟ್ಟುತ್ತ ಮುದುಕನಾದವನು. ಬಣ್ಣ ಬಳಿದು, ಕಿರೀಟ ಕಟ್ಟಿ, ಗೆಜ್ಜೆ ಬಿಗಿದು ಎಷ್ಟೋ ಕೂಲಿಯವರನ್ನು ಒಂದು ರಾತ್ರಿಯ ಮಟ್ಟಿಗೆ ರಾಜರನ್ನಾಗಿ ಮಾಡಿದ ಕೈ ಅದು. ಗಂಟಿನ ಅಡಿಗೆ ತೋರುಬೆರಳು ತೂರಿಸಿ ಮೆಲ್ಲಗೆ ಎಳೆದ. ಬಟ್ಟೆ ತಾನೇ ತಾನಾಗಿ ಹರವಿಕೊಂಡಿತು.

“ನಮ್ಮ ಅಬ್ಬಾ ಕಲಿಸಿದ್ದು ಸಾಹೇಬ,” ಎಂದ. “ಕುಣಿಯೋ ಕಾಲಾಗಿನ ಗಂಟು ತಾನಾಗಿ ಬಿಚ್ಚಬಾರದು. ಕಟ್ಟಿದವನಿಗೆ ಮಾತ್ರ ತ್ರಾಸ ಕೊಡಬಾರದು.”

ಕಂಬಿಯೊಳಗಿದ್ದ ಮಗ ಶಬ್ಬೀರ್ ರೊಟ್ಟಿಯ ಕಡೆ ನೋಡಲಿಲ್ಲ.

“ಬೇಟಾ, ಖಾ ಲೇ.”

“ಹಸಿವಿಲ್ಲ ಅಬ್ಬಾ.”

ಬೆಂಚಿನ ಮೂಲೆಯಿಂದ ಇದೆಲ್ಲ ನೋಡುತ್ತಿದ್ದ ಸೂಗಪ್ಪ ಈಗ ಕಣ್ಣು ಮುಚ್ಚಿ ಆ ಎರಡು ಮಾತಿನ ನಡುವಿನ ಉಸಿರನ್ನು ಕೇಳುತ್ತಿದ್ದ. ನಿಜಾಮರ ಕಾಲದಲ್ಲಿ ಪೋಲೀಸ್ ಜಮಾದಾರನಾಗಿದ್ದು, ರಜಾಕಾರರ ಗದ್ದಲದಲ್ಲಿ ಚಾಕರಿ ಬಿಟ್ಟು ಬಂದವನು. ಈಗ ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಪೌಳಿಯಲ್ಲಿ ದಿನಾ ಇಳಿಹೊತ್ತಿಗೆ ಪುರಾಣ ಕೇಳುವುದು, ಯಾರಾದರೂ ಅಳುತ್ತ ಬಂದರೆ ಅವರ ತಂಟೆಯನ್ನು ತನ್ನ ತಲೆಗೆ ಹಚ್ಚಿಕೊಳ್ಳುವುದು, ಇವೆರಡೇ ಅವನ ಕೆಲಸ. ನಿನ್ನೆ ಗುಲಾಮ್ ರಸೂಲ್ ಗುಡಿಯವರೆಗೂ ಬಂದಿದ್ದ. ಅಧ್ಯಾಯ ಮುಗಿಯುವ ತನಕ ಕಟ್ಟೆಯ ಹೊರಗೆ ಬಿಸಿಲಲ್ಲೇ ನಿಂತಿದ್ದ. ಮಗನ ಕೊರಳಿಗೆ ಹಗ್ಗ ಬರುವ ಹೊತ್ತಿನಲ್ಲೂ ಪುರಾಣ ಕೆಡಿಸದವನು. ಸೂಗಪ್ಪನಿಗೆ ಅಷ್ಟು ಸಾಕಾಗಿತ್ತು.

ನಡೆದದ್ದು ಇಷ್ಟೇ. ಮೊನ್ನೆ ರಾತ್ರಿ ಗುಡ್ಡದ ಮೇಲೆ ಬೇಸಿಗೆಯ ಬಯಲಾಟ ರಂಗೇರಿದ್ದಾಗ ಗ್ಯಾಸ್‌ಬತ್ತಿಗಳು ಒಮ್ಮೆಲೇ ಆರಿದವು. ಮತ್ತೆ ಹೊತ್ತಿಕೊಂಡು ತುಸು ಹೊತ್ತಾಗುವುದರೊಳಗೆ ಯಾರೋ ಚೀರಿದರು. ಮುಂದಿನ ಸಾಲಿನ ಕಲ್ಯಾಣಪ್ಪ ಸಾವುಕಾರ ತನ್ನ ಕುರ್ಚಿಯ ಹಿಂದೆ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಬತ್ತಿ ತೂಗುಹಾಕುವ ಕಬ್ಬಿಣದ ಕೊಕ್ಕೆ. ಕೊಕ್ಕೆ ಶಬ್ಬೀರನದು. ಆಟದ ಬತ್ತಿ ಹಚ್ಚಿ ನೋಡಿಕೊಳ್ಳುವವನೂ ಅವನೇ.

“ಬತ್ತಿ ನಾನ ಆರಿಸೀನಿ. ಸಾವುಕಾರಗ ಹೊಡದಿಲ್ಲ.” ಹಿಡಿದಾಗಿನಿಂದ ಪೋಲೀಸರ ಮುಂದೆ ಶಬ್ಬೀರನ ಬಾಯಿಂದ ಬಂದದ್ದು ಇದೊಂದೇ ಮಾತು. ಯಾಕೆ ಆರಿಸಿದೆ ಎಂದರೆ ಗೋಡೆಯ ಕಡೆ ಹೊರಳುತ್ತಿದ್ದ.

“ಜಮಾದಾರ್ರ,” ಠಾಣೆಯ ಮುಖ್ಯಸ್ಥ ಅಮೀನ್ ತುಕಾರಾಮರಾಯರು ಚಹದ ಬಟ್ಟಲು ಕೆಳಗಿಟ್ಟರು. “ನೀವು ಚಾಕರಿ ಬಿಟ್ರೂ ಠಾಣೆ ಬೆಂಚು ನಿಮ್ಮನ್ನ ಬಿಡವಲ್ದು ನೋಡ್ರಿ.”

“ಗಟ್ಟಿ ಬೆಂಚು ಅದ ಸಾಹೇಬ್ರ. ನನಗಿಂತ ಮೊದಲಿನ ಜಮಾದಾರಂದೂ ಭಾರ ಹೊತ್ತದ.”

“ಕಲಬುರಗಿ ದವಾಖಾನಿಯಿಂದ ಸುದ್ದಿ ಬಂದದ. ಸಾವುಕಾರಗ ಇನ್ನೂ ಎಚ್ಚರಿಲ್ಲ. ಅಂವ ಹೋದಾ ಅಂದ್ರ ಇಂವನೂ ಹೋದಂಗ. ಸಂಜಿ ಗಾಡಿಗೆ ಇವನ್ನ ಕಲಬುರಗಿ ಜೇಲಿಗೆ ಕಳಸ್ತೀನಿ.”

“ಇಷ್ಟು ಅವಸರ ಯಾಕ್ರಿ?”

“ಗುಡ್ಡದ ಮ್ಯಾಲ ಕಲಬುರಗಿ ಮಂದಿ ಡೇರೆ ಹೊಡಕೊಂಡು ಕೂತಾರ. ಆಟ ಅರ್ಧಕ್ಕ ನಿಂತದ. ಹೊಡದವ ಹೋದಾ ಅಂದ್ರ ಮಂದಿಗೆ ಧೈರ್ಯ ಬರ್ತದ. ಇವತ್ತ ಉಳಿದ ಆಟ ಆಡಿ, ಮಂಗಳ ಹಾಡಿ ಮುಗಸ್ತಾರ.”

“ಅಂದ್ರ ಮಂದಿಗೆ ಆಟ ನೋಡ್ಲಿಕ್ಕ ಇವನ ಕೊರಳು ಕೊಡಾಕತ್ತೀರಿ.”

ಅಮೀನರ ಮೀಸೆ ಅಲುಗಿತು. “ಬ್ಯಾರೆ ಯಾರರೆ ಇದ್ರ ತಂದು ತೋರಸ್ರಿ. ಗಾಡಿ ಬರೂತನಕ ನಾ ಏನೂ ಅನ್ನಂಗಿಲ್ಲ.”

“ತೋರಸ್ತೀನ್ರಿ,” ಎಂದು ಸೂಗಪ್ಪ ಎದ್ದ. ಹಣೆಯ ವಿಭೂತಿಯ ಮೇಲೆ ಬೆವರು ಇಳಿದಿತ್ತು, ಒರೆಸಿಕೊಳ್ಳಲಿಲ್ಲ.

ಗುಲಾಮ್ ರಸೂಲ್ ಬಾಗಿಲವರೆಗೆ ಬಂದು ಅವನ ಕೈ ಹಿಡಿದ. “ನನ್ನ ಮಗನ್ನ ಬಿಡಸು ಸಾಹೇಬ. ಅಷ್ಟ ಕೇಳ್ತೀನಿ.”

*

ಕೆಳಗೆ ಊರು ಕಾದ ಹೆಂಚಿನಂತಿದ್ದರೂ ಗುಡ್ಡದ ನೆತ್ತಿಯಲ್ಲಿ ಗಾಳಿ ಆಡುತ್ತಿತ್ತು. ಮೊದಲು ಇಲ್ಲಿಯ ಬಂಗಲೆಗೆ ಬೇಸಿಗೆ ಕಳೆಯಲು ಬರುತ್ತಿದ್ದವರು ಹೈದರಾಬಾದಿನ ದೊಡ್ಡ ಹುದ್ದೆದಾರರು ಮಾತ್ರ. ಊರವರು ದೂರದಿಂದ ಅವರ ದೀಪ ನೋಡುತ್ತಿದ್ದರು. ನಿಜಾಮರ ಆಳಿಕೆ ಮುಗಿಸಿದ ಪೋಲೀಸ್ ಕಾರ್ಯಾಚರಣೆಯಾಗಿ ಇದು ಮೂರನೆಯ ಬೇಸಿಗೆ. ಈಗ ಮೋಟಾರಿನ ಟಿಕೀಟಿಗೆ ದುಡ್ಡಿದ್ದವರೆಲ್ಲ ಬರುತ್ತಾರೆ. ಮಧ್ಯಾಹ್ನಕ್ಕೆ ಕುಸ್ತಿ, ಇಳಿಹೊತ್ತಿಗೆ ಭಜನೆ, ರಾತ್ರಿ ಬಯಲಾಟ. ಶರಬತ್ತಿನ ಅಂಗಡಿ, ಆಲದ ಕೊಂಬೆಗೆ ಜೋಕಾಲಿ, ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆಗಳು.

ಇಂದು ಕುಸ್ತಿಯ ಕಣದಲ್ಲಿ ಇಬ್ಬರು ಪೈಲವಾನರು ಸುಮ್ಮನೆ ಕುಳಿತು ಹಣ್ಣು ಸುಲಿಯುತ್ತಿದ್ದರು.

“ಅಮೀನ್ ಸಾಹೇಬ್ರು ಅವನ್ನ ಕಳಿಸಿದ್ರೇನ್ರಿ?” ಎಂದು ಶರಬತ್ತಿನವನು ಕೇಳಿದ. “ಬರಫ ಎಲ್ಲಾ ಕರಗಾಕತ್ತದ.”

ಸೂಗಪ್ಪ ಆಟದ ಅಟ್ಟದತ್ತ ನಡೆದ. ಹಿಂದಿನಿಂದ ದೌಲಪ್ಪ ಏದುಸಿರು ಬಿಡುತ್ತ ಬಂದ. ಅಮೀನರು ಅವನನ್ನು ಜೊತೆಗೆ ಕಳಿಸಿದ್ದರು, ಸಹಾಯಕ್ಕೋ ಕಾವಲಿಗೋ ತಿಳಿಯದು.

ಸೊಂಟದೆತ್ತರದ ಹಲಗೆಯ ಅಟ್ಟ. ಅದರ ಎದುರಿಗೆ, ಕೈಗೆಟುಕುವಷ್ಟು ಹತ್ತಿರ, ಸಾವುಕಾರನ ಕುರ್ಚಿ. ಕುರ್ಚಿಯ ಹಿಂದೆ ಮಣ್ಣಿನಲ್ಲಿ ಒಣಗಿದ ಕರಿ ಕಲೆ.

“ಸಾವುಕಾರನ ಮ್ಯಾಲ ಹಲ್ಲು ಕಡಿಯೋ ಮನಷಾ ಈ ಊರಾಗ ಯಾರದಾರ ದೌಲಪ್ಪ?”

“ಒಬ್ಬನ ಅದಾನ್ರಿ, ಅದೂ ಎಲ್ಲರ ಮುಂದ. ದತ್ತಪ್ಪ, ರಕ್ಕಸ ರಾಜನ ವೇಷ ಹಾಕ್ತಾನಲ್ರಿ, ಅಂವ. ಗದ್ದಲದ ವರ್ಷ ಅವನ ತಂಗಿ ಶೇವಂತಾ ಸಾವುಕಾರನ ಹೊಲದ ಮನಿಯಾಗ ಕೆಲಸಕ್ಕ ಹೋದಾಕಿ ತಿರುಗಿ ಬರಲಿಲ್ಲ. ರಜಾಕಾರರು ಒಯ್ದ್ರು ಅಂತ ಸಾವುಕಾರ ಹೇಳಿದ. ದತ್ತಪ್ಪ ನಂಬಲಿಲ್ಲ. ಸಂತ್ಯಾಗ ಸಾವುಕಾರನ ಅಂಗಿ ಹಿಡದು ಜಗ್ಗ್ಯಾನ.”

“ಹಂಗಿದ್ರ ಅವನ್ನ ಯಾಕ ಹಿಡಿಲಿಲ್ಲ?”

“ಹ್ಯಾಂಗ ಹಿಡಿಯೂದ್ರಿ? ಅಂವ ಅಟ್ಟದ ಮ್ಯಾಲ ಇದ್ದನಲ್ರಿ! ಗೆಜ್ಜಿ ನಿಂತೇ ಇಲ್ಲ.”

ಈ ಸೀಮೆಯ ಮೇಳಗಳಲ್ಲಿ ಒಂದು ಕಟ್ಟಳೆಯಿದೆ. ಆಟದ ನಡುವೆ ಬೆಳಕು ಹೋದರೆ ಅಟ್ಟದ ಮೇಲಿದ್ದ ವೇಷ ಕುಣಿತ ನಿಲ್ಲಿಸಬಾರದು. ಕತ್ತಲಲ್ಲಿ ಗೆಜ್ಜೆ ನಿಂತರೆ ಆಟದ ದೇವರು ಎದ್ದು ಹೋಗುತ್ತಾನೆ. ಮೊನ್ನೆಯೂ ಹಾಗೆಯೇ ಆಗಿತ್ತು. ಸೂಗಪ್ಪ ಡೇರೆ ಡೇರೆಗೆ ಹೋಗಿ ಕೇಳಿದ. ಗಂಡಸರು, ಹೆಂಗಸರು, ಪೈಲವಾನರು, ಎಲ್ಲರದೂ ಒಂದೇ ಮಾತು.

“ಕಣ್ಣಿಗೆ ಏನೂ ಕಾಣಲಿಲ್ರಿ. ಗೆಜ್ಜಿ ಮಾತ್ರ ಝಲ್ ಝಲ್ ಅಂತಿತ್ತು. ದತ್ತಪ್ಪನ ಭಕ್ತಿ ಅಂದ್ರ ಭಕ್ತಿ.”

ಇಡೀ ಗುಡ್ಡವೇ ದತ್ತಪ್ಪನ ಸಾಕ್ಷಿ. ಸೂಗಪ್ಪ ಅಟ್ಟಕ್ಕೆ ಹಿಂತಿರುಗಿ ಬಂದಾಗ, ಅದರ ಹಲಗೆಗೆ ಬೆನ್ನು ಕೊಟ್ಟು ಮುದುಕಿಯೊಬ್ಬಳು ಎಲೆಯಡಿಕೆ ಕುಟ್ಟುತ್ತಿದ್ದಳು.

“ಕಿವುಡಿ ಗುಂಡಮ್ಮ,” ಎಂದ ದೌಲಪ್ಪ. “ಆಕಿಗೇನು ಕೇಳ್ತೀರಿ? ಗುಡುಗು ಬಡದ್ರ ಯಾರು ಕರದ್ರಿ ಅಂತಾಳ.”

ಸೂಗಪ್ಪ ಬಗ್ಗಿ ಕೂಗಿದ. “ಎವ್ವಾ! ಮೊನ್ನೆ ರಾತ್ರಿ ನೀನೂ ಇಲ್ಲೇ ಇದ್ದೇನು?”

“ಒದರಬ್ಯಾಡೋ ತಮ್ಮಾ. ಕಿವುಡಿ ಆಗೀನಿ, ಸತ್ತಿಲ್ಲ.” ಗುಂಡಮ್ಮ ಬಾಯಿ ತುಂಬ ನಕ್ಕಳು. “ಇಲ್ಲೇ ಇದ್ದೆ. ಯಾವ ಆಟ ಇದ್ರೂ ನನ್ನ ಜಾಗಾ ಇದ. ಹಾಡು ಕೇಳಂಗಿಲ್ಲ, ಮಾತು ಕೇಳಂಗಿಲ್ಲ. ಬೆನ್ನು ಹಚ್ಚಿ ಕೂತ್ರ ಕುಣತ ಎಲ್ಲಾ ಬೆನ್ನಾಗ ಬರ್ತದ.”

“ಬತ್ತಿ ಆರಿದಾಗ ಏನಾತು?”

“ಏನಾಗ್ತದ? ಬತ್ತಿ ಆರಿತು, ಕುಣತ ನಿಂತಿತು. ಬತ್ತಿ ಬಂತು, ಕುಣತ ಚಾಲೂ ಆತು.”

ದೌಲಪ್ಪ ಹೊಟ್ಟೆ ಹಿಡಿದು ನಕ್ಕ. “ಎಲ್ಲಾ ಮಂದಿ ಗೆಜ್ಜಿ ಕೇಳ್ಯಾರ, ಈಕಿ ಒಬ್ಬಾಕಿಗೆ ನಿಂತೈತಂತ! ಯಜ್ಜೀ, ನಿಂತಿದ್ದು ಕುಣತ ಅಲ್ಲ, ನಿನ್ನ ಎಚ್ಚರ. ನಿದ್ದಿ ಹತ್ತಿತ್ತು ನಿನಗ.”

“ನಿಮ್ಮವ್ವಗ ಹತ್ತಿತ್ತು ನಿದ್ದಿ, ನಿನ್ನ ಹಡಿಯೂ ಮುಂದ,” ಎಂದಳು ಗುಂಡಮ್ಮ. ಕುಟ್ಟುವುದನ್ನು ಬಿಡಲಿಲ್ಲ.

ಸೂಗಪ್ಪ ನಗಲಿಲ್ಲ. ಅವನ ಕಣ್ಣು ಮುಚ್ಚಿಕೊಂಡವು. ಕೀರ್ತನೆ ಕೇಳುತ್ತ ಬೆಳೆದವನಿಗೆ ತಾಳದ ಸದ್ದು ಬೇರೆ, ಹೆಜ್ಜೆಯ ಸದ್ದು ಬೇರೆ ಎಂಬುದು ಗೊತ್ತು. ಗೆಜ್ಜೆ ಕಾಲಲ್ಲಿದ್ದರೆ ಮೊದಲು ನೆಲ ನುಡಿಯುತ್ತದೆ.

“ದೌಲಪ್ಪ, ಮೇಳದ ಪೆಟ್ಟಿಗಿಯಾಗ ಇನ್ನೊಂದು ಜೋಡಿ ಗೆಜ್ಜಿ ಇರ್ತಾವ. ತಗೊಂಡು ಅಟ್ಟದ ಮ್ಯಾಲ ಏರು.”

“ನಾ? ಸರಕಾರಿ ಪೋಷಾಕಿನಾಗ?”

“ಸರಕಾರಿ ಕೆಲಸನ ಇದು. ಏರು.”

ಸೂಗಪ್ಪ ಗುಂಡಮ್ಮನ ಪಕ್ಕ ಹಲಗೆಗೆ ಬೆನ್ನು ಹಚ್ಚಿ ಕುಳಿತ. ಹೆಗಲ ವಸ್ತ್ರದಿಂದ ಕಿವಿಗಳನ್ನು ಬಿಗಿದುಕೊಂಡ. ಮೇಲೆ ದೌಲಪ್ಪ ಗೆಜ್ಜೆ ಸುತ್ತಿಕೊಂಡು ಕುಣಿದ. ಮೊದಲು ನಾಚಿಕೆಯಿಂದ, ಆಮೇಲೆ ಪೈಲವಾನರು ಸೀಟಿ ಹೊಡೆದ ಮೇಲೆ ಹುರುಪಿನಿಂದ. ಒಂದೊಂದು ಹೆಜ್ಜೆಯೂ ಸೂಗಪ್ಪನ ಬೆನ್ನೆಲುಬಿನಲ್ಲಿ ಗುದ್ದಿತು.

“ಸಾಕು! ಈಗ ಬಿಚ್ಚಿ ಕೈಯಾಗ ಹಿಡದು ಅಲ್ಲಾಡಸು.”

ಏನೂ ಇಲ್ಲ. ಬೆನ್ನಿಗೆ ಹಲಗೆ ಸುಮ್ಮನೆ ಹಲಗೆಯಾಗಿತ್ತು. ಸೂಗಪ್ಪ ಕಿವಿಯ ವಸ್ತ್ರ ತೆಗೆದ. ಝಲ್ ಝಲ್ ಎಂದು ಗುಡ್ಡವೆಲ್ಲ ತುಂಬಿತ್ತು.

“ನೋಡಿದ್ಯಾ?” ಎಂದಳು ಗುಂಡಮ್ಮ. “ಈಗ ನಿಂತದ.”

ದೌಲಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವನ ಮುಖದಿಂದ ನಗು ಇಳಿಯಿತು. “ಜಮಾದಾರ್ರ… ಹಂಗಾದ್ರ ಮೊನ್ನೆ…”

“ಹೌದು. ಮೊನ್ನೆ ಕತ್ತಲಾಗ ಗೆಜ್ಜಿ ಅಟ್ಟದ ಹತ್ರಾನ ಇತ್ತು. ಅದನ್ನ ಕಟ್ಟಿಕೊಂಡಿದ್ದ ಕಾಲು ಇರಲಿಲ್ಲ.”

*

ದತ್ತಪ್ಪ ಬಂಗಲೆಯ ಹಿಂದಿನ ಬಾವಿಕಟ್ಟೆಯ ಮೇಲೆ ಕುಳಿತಿದ್ದ. ಮಂಗಳ ಹಾಡದೆ ಆಟ ಅರ್ಧಕ್ಕೆ ನಿಂತಿದ್ದರಿಂದ ಮೇಳದವರು ಯಾರೂ ಗೆಜ್ಜೆ ಬಿಚ್ಚಿರಲಿಲ್ಲ. ಅವನು ಎದ್ದು ನಿಂತರೆ ಝಲ್, ಕುಳಿತರೆ ಝಲ್. ಹಣೆಯ ಅಂಚಿನಲ್ಲಿ ರಕ್ಕಸನ ಕೆಂಪು ಬಣ್ಣ ಇನ್ನೂ ಅಂಟಿತ್ತು.

“ಶರಣ್ರಿ ಜಮಾದಾರ್ರ. ಸಂಜಿಗೆ ಆಟ ಅದ ಅಂತಲ್ರಿ?”

“ಅದು ನಿನ್ನ ಮ್ಯಾಲ ಅದ ದತ್ತಪ್ಪ. ಬತ್ತಿ ಆರಿದಾಗ ನೀ ಎಲ್ಲಿದ್ದಿ?”

“ಎಲ್ಲಾರಿಗೂ ಗೊತ್ತದಲ್ರಿ. ಅಟ್ಟದ ಮ್ಯಾಲ.”

“ಗೆಜ್ಜಿ?”

“ಕಾಲಾಗ. ಪೂಜಿ ಮಾಡಿ ಕಟ್ಟಿದಾಗಿಂದ ಬಿಚ್ಚಿಲ್ಲ. ದೇವರಾಣಿ.”

“ದೇವರನ್ನ ನಡುವ ಯಾಕ ತರ್ತಿ? ಕಾಲು ತೋರಸು.”

ದತ್ತಪ್ಪ ಕಾಲು ಚಾಚಲಿಲ್ಲ. ಸೂಗಪ್ಪನೇ ಅವನೆದುರು ನೆಲಕ್ಕೆ ಮೊಣಕಾಲೂರಿದ. ವೇಷದವನ ಪಾದ ಹಿಡಿಯುವ ಮುನ್ನ ರೂಢಿಯಂತೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅದನ್ನು ಕಂಡು ದತ್ತಪ್ಪನ ಮುಖ ಕಪ್ಪಿಟ್ಟಿತು.

ಗೆಜ್ಜೆಯ ಪೂಜೆಯಾದ ಮೇಲೆ ಗಂಟಿನ ನೆತ್ತಿಗೆ ಕುಂಕುಮವಿಡುತ್ತಾರೆ. ಇಲ್ಲಿ ಕುಂಕುಮವಿತ್ತು, ಆದರೆ ಗಂಟಿನ ನೆತ್ತಿಯಲ್ಲಿ ಅಲ್ಲ. ಅರ್ಧ ಬೊಟ್ಟು ಮಡಿಕೆಯ ಒಳಗೆ ಸೇರಿಹೋಗಿತ್ತು. ಇನ್ನರ್ಧ ದಾರದ ಆಚೆ ಬದಿಗೆ ಸರಿದು ಕೆಂಪಗೆ ಕಾಣುತ್ತಿತ್ತು. ಎರಡು ಕಾಲಿನಲ್ಲೂ ಹಾಗೆಯೇ.

“ಕುಂಕುಮ ಇಟ್ಟ ಮ್ಯಾಲ ಇದನ್ನ ಬಿಚ್ಚಿ ಮತ್ತ ಕಟ್ಯಾರ,” ಎಂದ ಸೂಗಪ್ಪ. “ಈಗ ಹೇಳು.”

ಗಾಳಿಗೆ ಬಾಳೆಯ ಎಲೆಗಳು ಸದ್ದು ಮಾಡಿದವು. ದತ್ತಪ್ಪ ಬಾವಿಯೊಳಗೆ ನೋಡುತ್ತ ಮಾತಾಡಿದ.

“ಇಳದಿದ್ದೆ. ಹೌದ್ರಿ, ಇಳದಿದ್ದೆ. ಆ ಸಂಜಿ ಪೂಜಿ ಮುಗದ ಮ್ಯಾಲ ಸಾವುಕಾರ ವೀಳ್ಯ ಕೊಡೂ ಮುಂದ ನನ್ನ ಕಿವ್ಯಾಗ ಹೇಳಿದ. ಬತ್ತಿ ಆರ್ತಾವ, ಆರಿದ ಕೂಡ್ಲೆ ನನ್ನ ಕುರ್ಚಿ ಹತ್ರ ಬಾ, ನಿನ್ನ ತಂಗಿ ಎಲ್ಲಿದಾಳ ಹೇಳ್ತೀನಿ. ಮಂದಿ ಕಣ್ಣಾಗ ಬೀಳಬಾರದು.”

“ಬತ್ತಿ ಆರ್ತಾವ ಅಂತ ಅವನಿಗೆ ಮೊದಲ ಗೊತ್ತಿತ್ತು?”

“ಗೊತ್ತಿತ್ತು.”

“ಹೋದಿ. ಆಮ್ಯಾಲ?”

“ಕುರ್ಚಿ ಖಾಲಿ ಇತ್ರಿ.”

ಸೂಗಪ್ಪ ತಲೆಯೆತ್ತಿದ.

“ನನ್ನ ತಂಗಿ ಮ್ಯಾಲಾಣಿ. ಕೈಯಾಡಿಸಿ ನೋಡಿದೆ. ಶಾಲು ಇತ್ತು, ಇನ್ನೂ ಬೆಚ್ಚಗಿತ್ತು. ಮನಷಾ ಇರಲಿಲ್ಲ. ತಿರುಗಿ ಅಟ್ಟ ಏರಿದೆ, ಗೆಜ್ಜಿ ಕಟ್ಟಿಸಿಕೊಂಡೆ, ಆಮ್ಯಾಲ ಬತ್ತಿ ಬಂತು. ಮಂದಿ ಚೀರಿದಾಗ ನೋಡ್ತೀನಿ, ಕುರ್ಚಿ ಹಿಂದ ಬಿದ್ದಾನ.”

“ಇದನ್ನ ಅಮೀನ್ ಸಾಹೇಬರ ಮುಂದ ಯಾಕ ಹೇಳಲಿಲ್ಲ?”

“ಹೇಳಿದ್ರ ಹೊಡದವ ನಾನ ಅಂತಿದ್ರು. ನಾ ಜೇಲಿಗೆ ಹೋದ ಮ್ಯಾಲ ಸಾವುಕಾರ ಕಣ್ಣು ತೆರದ್ರ, ಶೇವಂತಾ ಎಲ್ಲಿದಾಳ ಅಂತ ಅವನ್ನ ಕೇಳೋರು ಯಾರ್ರಿ?”

“ಅದಕ್ಕ ಶಬ್ಬೀರ ಹೋಗ್ಲಿ ಅಂದಿ.”

ದತ್ತಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಗೆಜ್ಜೆ ಸಣ್ಣಗೆ ನಡುಗಿತು.

“ಎದ್ದೇಳು,” ಸೂಗಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಸಡಿಲಿಕೆಯೂ ಇರಲಿಲ್ಲ. “ಠಾಣೆಗೆ ಬಂದು ಇಷ್ಟನ್ನೂ ಹೇಳು. ಗಾಡಿ ಬರೂದ್ರೊಳಗ. ಇನ್ನೊಂದು ಮಾತು. ನೀ ಕೆಳಗ ಇದ್ದಾಗ ಗೆಜ್ಜಿ ಹಿಡದು ಆಡಿಸಿದವರು ಯಾರು?”

“ಅದು ಕೇಳಬ್ಯಾಡ್ರಿ. ನನಗ ಉಪಕಾರ ಮಾಡಿದವರು. ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ.”

ಸೂಗಪ್ಪ ಒತ್ತಾಯಿಸಲಿಲ್ಲ. ಅವನ ಕಣ್ಣು ಮತ್ತೆ ಆ ಕಾಲಿನ ಮೇಲೆ ಬಿತ್ತು. ಈ ಸಲ ಕುಂಕುಮವನ್ನಲ್ಲ, ಗಂಟನ್ನು ನೋಡಿದ. ಗುಂಡಗೆ, ನಯವಾಗಿ, ಕೂತ ಜಾಗದಲ್ಲಿ ಕೂತಿತ್ತು.

ತುದಿ ಎಲ್ಲಿಯೂ ಕಾಣಲಿಲ್ಲ.

ಸೂಗಪ್ಪನ ತೋರುಬೆರಳು ತಾನಾಗಿ ಗಂಟಿನ ಅಡಿಗೆ ಚಾಚಿತು. ಎಳೆದರೆ ಬಿಚ್ಚಿಕೊಳ್ಳುತ್ತಿತ್ತೆಂಬುದು ಅವನಿಗೆ ಗೊತ್ತು. ಮಂಗಳ ಹಾಡಿಲ್ಲ ಎಂಬುದೂ ನೆನಪಾಗಿ ಬೆರಳು ಹಿಂತೆಗೆದ. ಎಳೆಯಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆಯೇ ಠಾಣೆಯ ಮೇಜಿನ ಮೇಲೆ ಅಂಥದೇ ಗಂಟು ಬಿಚ್ಚಿದ್ದನ್ನು ನೋಡಿಯಾಗಿತ್ತು.

*

ಸೂಗಪ್ಪ ಮುಂದಾಗಿ ಗುಡ್ಡ ಇಳಿದ. ಹಿಂದಿನಿಂದ ದತ್ತಪ್ಪನ ಗೆಜ್ಜೆ ಹೆಜ್ಜೆಹೆಜ್ಜೆಗೂ ನುಡಿಯುತ್ತಿತ್ತು. ಎದುರು ಬಂದ ಹೆಂಗಸರು ಅದನ್ನು ಕೇಳಿ ಸೆರಗು ಹೊದ್ದು ಕೈಮುಗಿದರು.

ಠಾಣೆಯ ಮುಂದೆ ಪೋಲೀಸ್ ಗಾಡಿ ಬಂದು ನಿಂತಿತ್ತು. ಅಮೀನರು ಬೀಗದ ಕೈ ಹಿಡಿದು ಹವಾಲಾತಿನ ಬಾಗಿಲಿಗೆ ಬಂದಿದ್ದರು. ಪಡಸಾಲೆಯ ಕಂಬಕ್ಕೊರಗಿ ಗುಲಾಮ್ ರಸೂಲ್, ಬೆಳಿಗ್ಗೆ ಕುಳಿತಲ್ಲಿಯೇ. ಮಗ ಮುಟ್ಟದ ರೊಟ್ಟಿಯನ್ನು ಮತ್ತೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ.

“ಸಾಹೇಬ್ರ, ತುಸು ತಡೀರಿ,” ಎಂದ ಸೂಗಪ್ಪ. ಅಮೀನರತ್ತ ನೋಡದೆ ಮುದುಕನ ಎದುರು ಕುಳಿತ.

“ಬಾಬಾ, ಮೇಳದಾಗ ಗೆಜ್ಜಿ ಕಟ್ಟಿದ ಕೈಯೇ ಬಿಚ್ಚಬೇಕು, ಹೌದಲ್ಲೋ?”

ಮುದುಕನ ಕಣ್ಣು ಮೆಲ್ಲಗೆ ಸೂಗಪ್ಪನ ಹಿಂದೆ ಸರಿದು, ಅಂಗಳದಲ್ಲಿ ನಿಂತ ದತ್ತಪ್ಪನ ಮೇಲೆ ನಿಂತಿತು. ಮತ್ತೆ ತೊಡೆಯ ಮೇಲಿನ ಗಂಟಿಗೆ ಇಳಿಯಿತು.

“ಹೌದು ಸಾಹೇಬ.”

“ಕತ್ತಲಾಗ ದತ್ತಪ್ಪನ ಗೆಜ್ಜಿ ಬಿಚ್ಚಿದಿ. ಕೈಯಾಗ ಹಿಡದು ಆಡಿಸಿದಿ. ತಿರುಗಿ ಕಟ್ಟಿದಿ. ಅಟ್ಟದ ಅಂಚಿನಾಗ ನೀನ ಇದ್ದಿ. ಕೈ ಚಾಚಿದ್ರ ಸಿಗೂ ಕುರ್ಚಿಯಿಂದ ಸಾವುಕಾರ ಎದ್ದು ಹೋದದ್ದು, ಅವನ ಬೆನ್ನು ಹತ್ತಿದವರು ಯಾರು ಅನ್ನೂದು ನಿನಗ ಗೊತ್ತದ. ಮಗ ಕಂಬಿ ಒಳಗ ಕೂತಾನ. ಒಂದು ಮಾತು ಹೇಳಿದ್ರ ಹೊರಗ ಬರ್ತಿದ್ದ. ಯಾಕ ಹೇಳಲಿಲ್ಲ?”

ಗುಲಾಮ್ ರಸೂಲ್ ಅಳಲಿಲ್ಲ. ಕಲಬುರಗಿಯ ಗುಡಿಯ ಮುಂದೆ ಬಿಸಿಲಲ್ಲಿ ನಿಂತಿದ್ದ ಅದೇ ತಾಳ್ಮೆ ಮುಖದಲ್ಲಿತ್ತು.

“ಮಗನ್ನ ಬಿಡಸು ಅಂತ ನಿನಗ ಕೈಮುಗದೆ ಸಾಹೇಬ,” ಎಂದ. “ಖರೇ ಏನದ ಹುಡುಕು ಅಂತ ನಾ ಅನ್ನಲಿಲ್ಲಲ್ಲ.”

“ಖರೇ ಬಿಟ್ಟು ಅವನ್ನ ಬಿಡಸೂ ದಾರಿ ನನಗ ಗೊತ್ತಿಲ್ಲ ಬಾಬಾ.”

ಮುದುಕನ ಬೆರಳು ರೊಟ್ಟಿಯ ಗಂಟಿನ ಅಡಿಗೆ ತೂರಿತು. ಎಳೆಯಲೋ ಬೇಡವೋ ಎಂಬಂತೆ ಅಲ್ಲಿಯೇ ಉಳಿಯಿತು. ತುಟಿ ಬಿಚ್ಚಿದ. “ಗದ್ದಲದ ವರ್ಷ, ಮಳಿಗಾಲ… ಸಾವುಕಾರನ ಹೊಲದ ಮನಿಯಿಂದ ಓಡಿ ಬಂದು, ನಮ್ಮ ಹಿತ್ತಲ ಬಾಗಲಾ ಬಡದು…”

“ಅಬ್ಬಾ!”

ಎಲ್ಲರೂ ಬೆಚ್ಚಿದರು. ಹಿಡಿದಾಗಿನಿಂದ ಪೋಲೀಸರ ಮುಂದೆ ಒಂದೇ ಮಾತು ಆಡಿದ್ದ ಶಬ್ಬೀರ್ ಕಂಬಿಗೆ ಎದೆ ಒತ್ತಿ ನಿಂತಿದ್ದ. ಕಬ್ಬಿಣ ಹಿಡಿದ ಬೆರಳು ಬಿಳಿಚಿದ್ದವು.

“ಅಬ್ಬಾ, ನನ್ನ ಗಾಡಿ ಹತ್ತಸ್ಲಿ. ನೇಣಿಗೆ ಹಾಕ್ಲಿ. ಆಕಿ ಹೆಸರು ಮಾತ್ರ ಹೇಳಬ್ಯಾಡ.”

ಅಂಗಳದಿಂದ ಮೆಟ್ಟಿಲೇರಿ ಬರುತ್ತಿದ್ದ ಗೆಜ್ಜೆ, ಗುಡ್ಡದಿಂದ ಇಲ್ಲಿಯವರೆಗೆ ಒಂದು ಹೆಜ್ಜೆಯೂ ಬಿಡದೆ ನುಡಿದ ಗೆಜ್ಜೆ, ಸೂಗಪ್ಪನ ಬೆನ್ನ ಹಿಂದೆ ತಟ್ಟನೆ ನಿಂತಿತು.